ಹಂಡೆಯಿಂದ ಷವರಿಗೆ: ಬಚ್ಚಲುಮನೆಯ ನೀರಿನ ಕಥೆ

ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತಮುತ್ತ ಹೊಸದಾಗಿ ಎದ್ದಿರುವ ಮನೆಗಳ ಸ್ನಾನದ ಕೋಣೆಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಗೋಡೆಯಲ್ಲಿ ಹೊಳೆಯುವ ಷವರ್ ಇದೆ, ಮೂಲೆಯಲ್ಲಿ ಬಿಳಿಯ ಬಾತ್‌ಟಬ್ ಇದೆ. ಆದರೆ ಮನೆಮಂದಿ ಸ್ನಾನ ಮಾಡುವುದು ಬಕೆಟ್ಟು, ಮಗ್ಗಿನಲ್ಲಿ. ಷವರ್ ತಿರುಗಿಸಿದರೆ ನಾಲ್ಕು ತೂತಿನಿಂದ ನೀರು ನೆಟ್ಟಗೆ ಬೀಳುತ್ತದೆ, ಎರಡರಿಂದ ಗೋಡೆಗೆ ಚಿಮ್ಮುತ್ತದೆ, ಉಳಿದವು ಬಿಳಿ ಪೊರೆ ಕಟ್ಟಿ ಮುಚ್ಚಿಹೋಗಿವೆ. ಬಾತ್‌ಟಬ್ಬಿನಲ್ಲಿ ಟ್ಯಾಂಕರ್ ಬಾರದ ದಿನಕ್ಕೆಂದು ನೀರು ತುಂಬಿಟ್ಟಿರುತ್ತಾರೆ. ಅಜ್ಜಿಯ ಕಾಲದ ತೊಟ್ಟಿ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತಿರುತ್ತದೆ.

ಪ್ಲಂಬರ್ ಬರುತ್ತಾರೆ, ಷವರ್ ಬದಲಿಸುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೊಸದೂ ಹಳೆಯದರ ಹಾದಿ ಹಿಡಿಯುತ್ತದೆ. ಬಚ್ಚಲುಮನೆಯ ಕಾಯಿಲೆಗೆ ಮದ್ದು ಹುಡುಕುವವರು ಆ ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಎಷ್ಟು ಆಳದಿಂದ ಬರುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಈ ಮೂರಕ್ಕೂ ಉತ್ತರ ಹುಡುಕುತ್ತ ಹೋದರೆ ಈ ಸೀಮೆಯ ನೂರು ವರ್ಷಕ್ಕೂ ಮೀರಿದ ನೀರಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಬಚ್ಚಲು ಎಂದರೇನು?

ಕನ್ನಡದಲ್ಲಿ ‘ಬಚ್ಚಲು’ ಎಂಬ ಮಾತಿಗೆ ಸ್ನಾನದ ಜಾಗ ಎಂಬ ಅರ್ಥವೂ ಇದೆ, ಕೊಳೆನೀರು ಹರಿದುಹೋಗುವ ಮೋರಿ ಎಂಬ ಅರ್ಥವೂ ಇದೆ. ನಮ್ಮ ಹಿರಿಯರು ಸ್ನಾನದ ಮನೆಗೆ ಹೆಸರಿಡುವಾಗ ನೀರು ಬರುವ ಬಗೆಯನ್ನಲ್ಲ, ಹೋಗುವ ಬಗೆಯನ್ನು ನೆನೆದಿದ್ದಾರೆ. ನೀರನ್ನು ಸೇದಿ, ಹೊತ್ತು ತರಬಹುದಾಗಿತ್ತು. ಅದು ಹೋಗಲು ಮಾತ್ರ ನೆಲಕ್ಕೆ ಓಟ ಬೇಕಿತ್ತು. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ಅಗೆದು ತೆಗೆದ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮನೆಗಳಲ್ಲೂ ಇಟ್ಟಿಗೆ ಹಾಸಿದ, ಒಂದು ಮೂಲೆಗೆ ಇಳಿಜಾರು ಕೊಟ್ಟ ಸ್ನಾನದ ನೆಲಗಳು ಸಿಕ್ಕಿವೆ.

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲಿಗೆ ಹತ್ತಿಕೊಂಡಿರುತ್ತಿತ್ತು. ಕಲ್ಲಿಗೆ ಬರವಿಲ್ಲದ ನಾಡು ಇದು. 1950ರ ದಶಕದಲ್ಲಿ ವಿಧಾನಸೌಧ ಕಟ್ಟಲು ಕಲ್ಲು ಕೊಟ್ಟ ಕೊಯಿರಾ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲೇ. ಹಾಗಾಗಿ ಬಚ್ಚಲಿಗೆ ಕಲ್ಲು ಚಪ್ಪಡಿಯ ನೆಲ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಒಲೆಗೆ ತೆಂಗಿನ ಗರಿ, ರೇಷ್ಮೆ ಸಾಕುವ ಮನೆಗಳಲ್ಲಾದರೆ ಎಲೆ ಬಿಡಿಸಿದ ಹಿಪ್ಪುನೇರಳೆ ಕಡ್ಡಿ. ಮೈಮೇಲೆ ಬಿದ್ದ ನೀರು ಗೋಡೆಯ ತೂತಿನಿಂದ ಹೊರಬಿದ್ದು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಸೇರುತ್ತಿತ್ತು.

ಈ ಏರ್ಪಾಟಿನಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹಂಡೆಯ ತಳದಲ್ಲಿ ಪೊರೆ ಕಟ್ಟಿದರೆ ಕಣ್ಣಿಗೆ ಕಾಣುತ್ತಿತ್ತು, ಮೋರಿ ಕಟ್ಟಿದರೆ ಕಾಲಿಗೆ ತಿಳಿಯುತ್ತಿತ್ತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ಬರುವ ‘ನೀರು ತುಂಬುವ ಹಬ್ಬ’ಕ್ಕೆ ಹಂಡೆಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ–ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜಿಸುವ ಪದ್ಧತಿ ಇತ್ತು, ಈಗಲೂ ಅನೇಕ ಮನೆಗಳಲ್ಲಿ ಉಳಿದಿದೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ತೆಗೆಯುತ್ತಿತ್ತು, ತಿಕ್ಕುವ ಕೈ ತಳದ ಬಿಳಿ ಪೊರೆಯನ್ನು ಎಬ್ಬಿಸುತ್ತಿತ್ತು. ಮನೆಯ ಜಲಯಂತ್ರಕ್ಕೆ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ದುರಸ್ತಿಯೂ ಅದಾಗಿತ್ತು.

ನದಿ ಊರು ಬಿಟ್ಟು ಹೋದದ್ದು

ನಲ್ಲಿಯ ಕಥೆ ಬೇರೆ. ಉತ್ತರ ಕರ್ನಾಟಕದವರು ಇಂದಿಗೂ ಅದನ್ನು ‘ನಳ’ ಎನ್ನುತ್ತಾರೆ. ನಳವೆಂದರೆ ಕೊಳವೆ. ಕೊಳವೆಯಲ್ಲಿ ನೀರು ತರುವ ವಿದ್ಯೆ ನಮಗೆ ಹೊಸದಲ್ಲ. ಆದಿಲ್‌ಶಾಹಿಗಳ ಬಿಜಾಪುರಕ್ಕೆ ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ನೆಲದಡಿಯ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿ ನೀರಿನ ಒತ್ತಡವನ್ನು ಇಳಿಸುತ್ತಿದ್ದರು. ಕೆಸರು ತಂಗಲೂ ಅವು ನೆರವಾಗುತ್ತಿದ್ದವು. ಅಂದಿನ ಶಿಲ್ಪಿಗಳಿಗೆ ಒತ್ತಡ ಹೆಚ್ಚಿ ಕೊಳವೆ ಒಡೆದೀತೆಂಬ ಚಿಂತೆ. ಇಂದಿನ ಮನೆಯವರಿಗೆ ಒತ್ತಡ ಸಾಲದೆಂಬ ಚಿಂತೆ.

ಬೆಂಗಳೂರಿಗೆ ಆಧುನಿಕ ರೀತಿಯ ಕೊಳವೆ ನೀರು ಬಂದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಅಲ್ಲಿಯವರೆಗೆ ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳು ಮತ್ತು ಬಾವಿಗಳೇ ನಗರಕ್ಕೆ ಆಧಾರವಾಗಿದ್ದವು. ನಂದಿಬೆಟ್ಟದ ಬಳಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತ ಹರಿದುಬರುವ ಅರ್ಕಾವತಿಗೆ, ನಗರದಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ 1894ರಲ್ಲಿ ಜಲಾಶಯ ಸಿದ್ಧವಾಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಾದ ಈ ಯೋಜನೆಯಲ್ಲಿ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಪಂಪಿನ ಬಲದಿಂದ ಮಲ್ಲೇಶ್ವರದತ್ತ ಸಾಗುತ್ತಿತ್ತು. ಬೀದಿಗೆ ನಲ್ಲಿ ಬಂತು, ಕ್ರಮೇಣ ಬಚ್ಚಲಿಗೂ ಬಂತು.

1920ರ ದಶಕದ ನಡುವೆ ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆ ಪಡೆದು ಅದೇ ಅರ್ಕಾವತಿಯ ಕೆಳಪಾತ್ರದಲ್ಲಿ, ಶಿವಗಂಗೆಯಿಂದ ನೆಲಮಂಗಲ ಸೀಮೆಯ ನೀರು ತರುವ ಕುಮುದ್ವತಿ ಬಂದು ಸೇರುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಲಾಯಿತು. ಅದರ ನೀರು 1933ರಿಂದ ನಗರಕ್ಕೆ ಹರಿಯಿತು. ಕಾವೇರಿ ಬಂದದ್ದು 1974ರಲ್ಲಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ. ಅಂದರೆ 1894ರಿಂದ 80 ವರ್ಷ ಬೆಂಗಳೂರಿನ ನಲ್ಲಿಗಳಿಗೆ ಮುಖ್ಯವಾಗಿ ನೀರು ಕೊಟ್ಟದ್ದು ದೊಡ್ಡಬಳ್ಳಾಪುರ, ನೆಲಮಂಗಲ ಸೀಮೆಯ ಮೇಲೆ ಬಿದ್ದ ಮಳೆ.

ನೀರು ಕೊಟ್ಟ ಊರುಗಳು ಆ ಕಾಲದಲ್ಲಿ ಬಾವಿಯಿಂದಲೇ ಸೇದುತ್ತಿದ್ದವು. ಬಾವಿಗೆ ನೀರಿದ್ದುದರಿಂದ ಅದು ದೊಡ್ಡ ಕೊರತೆಯೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಮನೆಮನೆಗೆ ಷವರ್ ಬರುವ ಹೊತ್ತಿಗೆ ಇಲ್ಲಿ ನದಿಯೂ ಇರಲಿಲ್ಲ, ಬಾವಿಯೂ ಇರಲಿಲ್ಲ.

ಎತ್ತರದ ಲೆಕ್ಕ

ಷವರ್ ಎಂಬುದು ಮೂಲತಃ ಎತ್ತರದ ಆಟ. 1767ರಲ್ಲಿ ಲಂಡನ್ನಿನ ವಿಲಿಯಂ ಫೀತಮ್ ಎಂಬಾತ ಪೇಟೆಂಟ್ ಪಡೆದ ಷವರಿನಲ್ಲಿ ಕೈಪಂಪಿನಿಂದ ನೀರನ್ನು ತಲೆಯ ಮೇಲಿನ ಪಾತ್ರೆಗೆ ಏರಿಸಿ, ಸರಪಳಿ ಎಳೆದು ಸುರಿಸಿಕೊಳ್ಳಬೇಕಿತ್ತು. ಇಂದಿನ ಮನೆಯಲ್ಲೂ ಆಗುವುದು ಅದೇ. ಸಂಪಿನ ನೀರನ್ನು ಮೋಟಾರು ತಾರಸಿಗೆ ಏರಿಸುತ್ತದೆ, ಅಲ್ಲಿಂದ ಅದು ತನ್ನ ಭಾರದಿಂದ ಇಳಿಯುತ್ತದೆ.

ಸುಮಾರು 33 ಅಡಿ ಎತ್ತರದ ನೀರಿನ ಕಂಬ ಒಂದು ವಾಯುಮಂಡಲದಷ್ಟು ಒತ್ತಡ ಕೊಡುತ್ತದೆ. ಕೋಣೆಯ ಎತ್ತರ 10 ಅಡಿ, ಷವರ್ ಇರುವುದು 7 ಅಡಿಯಲ್ಲಿ ಎಂದುಕೊಳ್ಳೋಣ. ಟ್ಯಾಂಕನ್ನು ತಾರಸಿಯ ಮೇಲೆ ಹಾಗೆಯೇ ಇಟ್ಟಿದ್ದರೆ, ಅದು ತುಂಬಿದ್ದಾಗಲೂ ಮೇಲಂತಸ್ತಿನ ಷವರಿಗೆ ಸಿಗುವುದು ಆರೇಳು ಅಡಿಯ ಬಲ, ಅಂದರೆ ವಾಯುಮಂಡಲದ ಒತ್ತಡದ ಐದರಲ್ಲೊಂದು ಪಾಲು. ಟ್ಯಾಂಕು ಅರ್ಧವಾದರೆ ಅದೂ ಇಲ್ಲ. ಕೆಳಗಿನ ಮನೆಯವರಿಗೆ ಇನ್ನೂ 10 ಅಡಿ ಹೆಚ್ಚು ಸಿಗುತ್ತದೆ. ಮೇಲಿನ ಮನೆಯಲ್ಲಿ ಷವರ್ ಸೊರಗಿ, ಕೆಳಗಿನ ಮನೆಯಲ್ಲಿ ಸೊಗಸಾಗಿ ಸುರಿಯಲು ಇದೇ ಕಾರಣ. ಒಂದು ವಾಯುಮಂಡಲಕ್ಕೂ ಹೆಚ್ಚು ಒತ್ತಡವಿರುವ ಊರುಗಳಿಗೆಂದು ರೂಪಿಸಿದ ದುಬಾರಿ ಷವರುಗಳನ್ನು ಇಂಥ ಕೊಳವೆಗೆ ಜೋಡಿಸಿದರೆ ಅವು ಹನಿಯುವುದಷ್ಟೇ. ಟ್ಯಾಂಕಿಗೆ ಎತ್ತರದ ಕಟ್ಟೆ ಕಟ್ಟುವುದು, ಕೊಳವೆಯ ಅಡ್ಡಳತೆ ಹೆಚ್ಚಿಸುವುದು, ಸುಮ್ಮಸುಮ್ಮನೆ ಹಾಕಿದ ತಿರುವುಗಳನ್ನು ಕಡಿಮೆ ಮಾಡುವುದು ಇದಕ್ಕೆ ನೇರ ಪರಿಹಾರ. ಆಗದಿದ್ದರೆ ಒತ್ತಡದ ಪಂಪು.

ಟ್ಯಾಂಕು ಒಮ್ಮೆ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ಷವರಿನಲ್ಲಿ ನೀರೇ ಬಾರದಿರುವುದುಂಟು. ಕೊಳವೆ ಮೇಲೇರಿ ಇಳಿಯುವ ಕಡೆ ಗಾಳಿ ಸಿಕ್ಕಿಬಿದ್ದು ದಾರಿ ಕಟ್ಟಿರುತ್ತದೆ. ಮನೆಯ ತೀರಾ ಕೆಳಗಿನ ನಲ್ಲಿಯನ್ನು ಮೊದಲು ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಟ್ಟರೆ ಬಹಳಷ್ಟು ಸಲ ಗಾಳಿ ಹೊರಬೀಳುತ್ತದೆ. ಟ್ಯಾಂಕರಿಗಾಗಿ ಕಾಯುವ ಮನೆಗಳಲ್ಲಿ ಈ ತೊಂದರೆ ಮತ್ತೆ ಮತ್ತೆ ಬರುವುದು ಸಹಜ.

ನೀರು ಗಡುಸಾದ ಬಗೆ

ಬಕೆಟ್ಟಿನ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದು ಷವರಿನಲ್ಲಿ ಮಾತ್ರ ಸಣ್ಣಗೆ ಬರುತ್ತಿದ್ದರೆ ದೋಷ ಎತ್ತರದಲ್ಲಿಲ್ಲ, ಷವರಿನ ತೂತುಗಳಲ್ಲಿದೆ. ತಣ್ಣೀರು ಸರಿಯಾಗಿ ಬಂದು ಬಿಸಿನೀರು ಮಾತ್ರ ಸೊರಗಿದರೆ ಗೀಸರಿನ ಕಡೆ ನೋಡಬೇಕು. ಎರಡೂ ಕಡೆ ಕಾರಣ ಸಾಮಾನ್ಯವಾಗಿ ಒಂದೇ. ಅದು ಜನ ‘ಉಪ್ಪುನೀರು’ ಎನ್ನುವ ಬೋರ್‌ವೆಲ್ ನೀರಿನ ಗಡಸುತನ.

ಮಳೆನೀರು ಮೃದು. ಅದು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ನಿಂತಷ್ಟು ಕಾಲವೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಯ ನೀರು ಮೇಲುಪದರದ್ದು, ಮಳೆಗಾಲ ಬಂದಾಗಲೆಲ್ಲ ಹೊಸದಾಗುತ್ತಿದ್ದುದು. ಆಳದ ನೀರು ಬಹುಕಾಲ ಕಲ್ಲಿನ ಸಹವಾಸದಲ್ಲಿದ್ದುದು. ಅದನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗಿದ್ದ ಸುಣ್ಣದ ಅಂಶ ಮತ್ತೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ. ಷವರಿನ ಸಣ್ಣ ತೂತಿನಲ್ಲಿ ಉಳಿದ ಹನಿ ಒಣಗಿದಾಗಲೂ ಹಾಗೆಯೇ. ಹಂಡೆಯ ತಳದಲ್ಲಿ ಕಾಣುತ್ತಿದ್ದ ಅದೇ ಬಿಳಿ ಪೊರೆ ಈಗ ಗೀಸರಿನ ಹೊಟ್ಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ, ವಿದ್ಯುತ್ತನ್ನೂ ಹೆಚ್ಚು ತಿನ್ನುತ್ತದೆ.

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಈ ಸೀಮೆಯಲ್ಲಿ ಬೇರೆ ಮೂಲ ಏಕಿಲ್ಲವಾಯಿತು ಎಂಬುದೇ ಮುಖ್ಯ ಪ್ರಶ್ನೆ. 1970ರ ದಶಕದ ನಂತರ ಕೊಳವೆಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆಗಳು ಒತ್ತುವರಿಯಾದವು. ಹೊಲಗಳಲ್ಲಿ ರಾಗಿಯ ಜಾಗಕ್ಕೆ ನೀಲಗಿರಿ ತೋಪುಗಳು ಬಂದವು. ಅಂತರ್ಜಲಕ್ಕೆ ಅದು ಹಾನಿಕರವೆಂದು ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಡಾವಣೆಗಳು ಬೆಳೆದ ವೇಗಕ್ಕೆ ನೀರಿನ ಯೋಜನೆಗಳು ಸಾಟಿಯಾಗಲಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅಧಿಕೃತ ಮೌಲ್ಯಮಾಪನಗಳಲ್ಲಿ ‘ಅತಿಬಳಕೆ’ಯ ಪಟ್ಟಿಗೆ ಸೇರಿವೆ. ಸಾವಿರ ಅಡಿ ಕೊರೆದರೂ ನೀರು ಸಿಗದೆ ಹೋಗುವುದು ಇಲ್ಲಿನ ರೈತರಿಗೆ ಹೊಸ ಅನುಭವವಲ್ಲ.

ಷವರಿನ ತೂತಿನಲ್ಲಿ ಕಟ್ಟಿದ ಬಿಳಿ ಪೊರೆ ಈ ಎಲ್ಲದರ ಲೆಕ್ಕಪತ್ರ. ಅದನ್ನು ತೆಗೆಯುವ ಉಪಾಯ ಮಾತ್ರ ಸುಲಭ. ಷವರಿನ ತಲೆಯನ್ನು ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದರೆ ಸಾಕು. ಅಂಗಡಿಯ ಉಗ್ರ ಆ್ಯಸಿಡ್ ಹೊಳಪಿನ ಲೇಪವನ್ನೇ ತಿಂದುಹಾಕುತ್ತದೆ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ವರ್ಷಕ್ಕೊಮ್ಮೆ, ನೀರು ತುಂಬುವ ಹಬ್ಬದ ಹೊತ್ತಿಗೆ ಷವರ್, ಗೀಸರುಗಳ ಸರದಿ ಇಟ್ಟುಕೊಂಡರೆ ಹಬ್ಬಕ್ಕೂ ಅರ್ಥ ಬಂದೀತು. ಗೀಸರನ್ನು ಮಾತ್ರ ಬಲ್ಲವರ ಕೈಗೇ ಕೊಡಬೇಕು.

ಹೋದ ನೀರು ಎಲ್ಲಿಗೆ?

ಬಾತ್‌ಟಬ್ಬಿನ ನೀರು ಇಳಿಯಲು ತಡವಾದರೆ ಮೊದಲ ಅನುಮಾನ ಕೂದಲಿನ ಮೇಲೆ. ಎರಡನೆಯದು ಸಾಬೂನಿನ ಮೇಲೆ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ಕರಗದ ಬೂದು ಜಿಡ್ಡಾಗುತ್ತದೆ, ಕೂದಲಿಗೆ ಅಂಟಿಕೊಂಡು ಗಂಟಾಗುತ್ತದೆ. ಸೀಗೆಪುಡಿ, ಕಡಲೆಹಿಟ್ಟಿನ ಕಾಲದಲ್ಲಿ ಈ ಜಿಡ್ಡಿನ ಕಾಟ ಇರಲಿಲ್ಲ. ಜಾಲರಿ ಬಿಚ್ಚಿ ಗಂಟನ್ನು ಎಳೆದು ತೆಗೆಯುವುದು ಯಾವ ರಾಸಾಯನಿಕಕ್ಕಿಂತಲೂ ಮೇಲು.

ನೆಲದಡಿಯ ಬಾಗಿದ ಕೊಳವೆಗೆ ಪ್ಲಂಬರುಗಳು ‘ಟ್ರ್ಯಾಪ್’ ಎನ್ನುತ್ತಾರೆ. ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಲಂಡನ್ನಿನಲ್ಲಿ ಇಂಥ ಬಾಗನ್ನು ಶೌಚಾಲಯಕ್ಕೆ ಅಳವಡಿಸಿ ಪೇಟೆಂಟ್ ಪಡೆದ. ಆ ಬಾಗಿನಲ್ಲಿ ಸದಾ ನಿಂತಿರುವ ಅಂಗೈಯಷ್ಟು ನೀರೇ ಮೋರಿಯ ದುರ್ವಾಸನೆಗೆ ಬಾಗಿಲು. ಬಳಸದ ಸ್ನಾನದ ಕೋಣೆ ನಾರಿದರೆ ಆ ನೀರು ಒಣಗಿದೆ ಎಂದರ್ಥ. ಒಂದು ಚೊಂಬು ನೀರು ಸುರಿದರೆ ವಾಸನೆ ನಿಲ್ಲುತ್ತದೆ.

ಟ್ರ್ಯಾಪು ದಾಟಿದ ನೀರನ್ನು ಮನೆಯವರು ಮರೆಯುತ್ತಾರೆ. ಊರು ಮರೆಯಲಾಗದು. ಬಾಳೆಯ ಬುಡಕ್ಕೆ ಹೋಗುತ್ತಿದ್ದ ಬಚ್ಚಲ ನೀರು ಚರಂಡಿ ಸೇರಿ, ಚರಂಡಿ ಕೆರೆ ಸೇರಿತು. ದೊಡ್ಡಬಳ್ಳಾಪುರದ ಕೆಳಗಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಪಟ್ಟಣದ ಕೊಳಚೆ ಮತ್ತು ಕೈಗಾರಿಕೆಗಳ ತ್ಯಾಜ್ಯ ಸೇರುತ್ತಿದೆ ಎಂದು ಸುತ್ತಲ ಹಳ್ಳಿಗಳವರು ಹೋರಾಟ ನಡೆಸಿದ್ದಾರೆ. ಅವೂ ಅರ್ಕಾವತಿಯ ಕೆರೆಗಳೇ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲು 2003ರಲ್ಲಿ ಸರ್ಕಾರ ವಿಶೇಷ ಅಧಿಸೂಚನೆ ಹೊರಡಿಸಿತ್ತು. ಆದರೂ ಕೊಳಚೆ ತಡೆಯಲಾಗದೆ 2010ರ ದಶಕದಲ್ಲಿ ನಗರ ಅಲ್ಲಿಂದ ಕುಡಿಯುವ ನೀರು ಪಡೆಯುವುದನ್ನು ನಿಲ್ಲಿಸಿತು.

ಈಗ ನೀರು ಹಿಂದಿನ ದಾರಿಯಲ್ಲಿ ಮರಳುತ್ತಿದೆ. ಬೆಂಗಳೂರಿನ ಬಚ್ಚಲುಗಳಿಂದ ಹೊರಬಿದ್ದ ನೀರನ್ನು ಸಂಸ್ಕರಿಸಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಬತ್ತಿದ ಕೆರೆಗಳಲ್ಲಿ ನೀರು ಕಂಡು ಸಂತೋಷಪಟ್ಟವರಿದ್ದಾರೆ. ಶುದ್ಧೀಕರಣ ಸಾಲದೆಂದು ಆತಂಕಪಟ್ಟವರೂ ಇದ್ದಾರೆ. ಪಶ್ಚಿಮಘಟ್ಟದ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು.

ಒಂದು ಟಬ್ಬಿನ ತೂಕ

ಹಳ್ಳಿಯ ಮನೆಮನೆಗೆ ನಲ್ಲಿ ಕೊಡುವ ಗುರಿಯಿಂದ 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗೊತ್ತುಪಡಿಸಿದೆ. ಸಾಧಾರಣ ಬಾತ್‌ಟಬ್ ತುಂಬಲು 150 ಲೀಟರಾದರೂ ಬೇಕು. ಒಬ್ಬರ ಒಂದು ಮುಳುಗು, ಹೆಚ್ಚುಕಡಿಮೆ ಮೂವರ ಒಂದು ದಿನದ ಪಾಲು. ಬಕೆಟ್ಟಿನ ಸ್ನಾನಕ್ಕೆ 20 ಲೀಟರ್ ಸಾಕು.

ತೊಟ್ಟಿಕ್ಕುವ ನಲ್ಲಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೊಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್. ತಿರುಪಿನ ನಲ್ಲಿಯಾದರೆ ಬಹುಪಾಲು ದೋಷವಿರುವುದು ಒಳಗಿನ ಸಣ್ಣ ವಾಷರಿನಲ್ಲಿ. ನೀರು ಬರುವ ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರ್ ತೆಗೆದು ಹೊಸದನ್ನು ಕೂರಿಸಲು ಕಾಲು ಗಂಟೆ ಸಾಕು.

ಹಂಡೆಯ ಕಾಲ ಮರಳಿ ಬರಲಿ ಎಂದು ಯಾರೂ ಬಯಸಬೇಕಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಒಲೆ ಊದಿದವರು, ಸೊಂಟದ ಮೇಲೆ ಕೊಡ ಹೊತ್ತವರು ಹೆಂಗಸರೇ. ನಲ್ಲಿ ಬಂದದ್ದರಿಂದ ಅವರಿಗಾದ ಉಪಕಾರ ಸಣ್ಣದಲ್ಲ. ಆದರೆ ಹೊತ್ತು ತಂದ ನೀರಿಗೆ ಇದ್ದ ತೂಕ ಕೊಳವೆಯ ನೀರಿಗೆ ಇಲ್ಲವಾಯಿತು. ಷವರಿನ ತೂತು ಕಟ್ಟಿದ ದಿನ, ಟಬ್ಬಿನ ನೀರು ಇಳಿಯದ ದಿನ, ಆ ತೂಕ ಸ್ವಲ್ಪ ಹೊತ್ತು ಮತ್ತೆ ತಿಳಿಯುತ್ತದೆ. ಅಂದು ಸ್ಪ್ಯಾನರ್ ಹಿಡಿದವರು ತಾರಸಿಯ ಟ್ಯಾಂಕನ್ನು ನೋಡುವಂತೆಯೇ ಊರ ಮುಂದಿನ ಕೆರೆಯ ಕಡೆಗೂ ಒಮ್ಮೆ ನೋಡಿ ಬಂದರೆ, ಮುಂದಿನ ದುರಸ್ತಿ ಎಲ್ಲಿಂದ ಶುರುವಾಗಬೇಕೆಂಬುದು ಗೊತ್ತಾಗುತ್ತದೆ.